ಮ್ಯಾಂಗನೀಸ್ ಸ್ಟೀಲ್‌ಗೆ ಹದ ಕೊಡುವುದು ಹೇಗೆ: ನೀರಿಗೆ ಬಿದ್ದರೂ ಮೆತ್ತಗೇ ಇರುವ ಉಕ್ಕಿನ ಲೆಕ್ಕ

"ಸರ್, 1050 ಡಿಗ್ರಿಗೆ ಕಾಯಿಸಿ ನೀರಿಗೆ ಹಾಕಿದ್ವಿ. ಆದ್ರೂ ಹಾರ್ಡ್‌ನೆಸ್ ಬರೀ 200 ಬರ್ತಿದೆ. ಎಲ್ಲಿ ತಪ್ಪಿದ್ವಿ?"

ಈ ಪ್ರಶ್ನೆ ನನಗೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಕೇಳುವವರಲ್ಲಿ ಹೊಸದಾಗಿ ಫೌಂಡ್ರಿ ಸೇರಿದ ಡಿಪ್ಲೊಮಾ ಹುಡುಗರಿದ್ದಾರೆ, ಜಲ್ಲಿ ಕ್ರಷರ್ ಇಟ್ಟುಕೊಂಡವರಿದ್ದಾರೆ, ವೆಲ್ಡಿಂಗ್ ಶಾಪಿನವರೂ ಇದ್ದಾರೆ. ಉತ್ತರ ಒಂದೇ: ನೀವು ಎಲ್ಲೂ ತಪ್ಪಿಲ್ಲ. ಹಾರ್ಡ್‌ನೆಸ್, ಅಂದರೆ ಗಟ್ಟಿತನದ ಅಳತೆ, 200 ಬರಬೇಕಾದದ್ದೇ. 400 ಬಂದಿದ್ದರೆ ಚಿಂತೆ ಮಾಡಬೇಕಿತ್ತು.

ಇನ್ನೊಂದು ಪ್ರಶ್ನೆ ಕ್ರಷರ್‌ನವರದು. "ಹೊಸ ಜಾ ಪ್ಲೇಟ್ ಹಾಕಿ ಮೂರೇ ದಿನಕ್ಕೆ ಎರಡು ಹೋಳಾಯ್ತು, ಯಾಕೆ?" ಜಾ ಪ್ಲೇಟ್ ಅಂದರೆ ಕ್ರಷರಿನಲ್ಲಿ ಕಲ್ಲನ್ನು ಅಗಿಯುವ ದವಡೆಯ ಪ್ಲೇಟ್. ಇದಕ್ಕೂ ಹೆಚ್ಚಿನ ಸಲ ಕಾರಣ ಹೀಟ್ ಟ್ರೀಟ್‌ಮೆಂಟೇ, ಅಂದರೆ ಕಾಯಿಸಿ ತಣಿಸಿ ಹದ ಕೊಡುವ ಕೆಲಸ. ಅದಕ್ಕೇ ಎರಡಕ್ಕೂ ಸೇರಿಸಿ ಒಮ್ಮೆಲೇ ಬರೆಯುತ್ತಿದ್ದೇನೆ.

ಮೊದಲು, ಯಾವ ಉಕ್ಕಿನ ಮಾತು ಇದು?

ಮ್ಯಾಂಗನೀಸ್ ಸ್ವಲ್ಪವೂ ಇಲ್ಲದ ಉಕ್ಕು ಸಿಗುವುದೇ ಕಷ್ಟ. ಕಟ್ಟಡದ ಕಂಬಿಯಲ್ಲೂ ಒಂದಿಷ್ಟು ಇರುತ್ತದೆ. ಇಲ್ಲಿ ನಾನು ಹೇಳುತ್ತಿರುವುದು 11ರಿಂದ 14 ಪರ್ಸೆಂಟ್ ಮ್ಯಾಂಗನೀಸ್, 1ರಿಂದ 1.4 ಪರ್ಸೆಂಟ್ ಕಾರ್ಬನ್ ಇರುವ ಉಕ್ಕಿನ ಬಗ್ಗೆ. ಇದನ್ನು ಹ್ಯಾಡ್‌ಫೀಲ್ಡ್ ಸ್ಟೀಲ್ ಅನ್ನುತ್ತಾರೆ. 1882ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದದ್ದು. ಉಕ್ಕಿಗೆ 4ರಿಂದ 6 ಪರ್ಸೆಂಟ್ ಮ್ಯಾಂಗನೀಸ್ ಸೇರಿಸಿದರೆ ಸುತ್ತಿಗೆಯಲ್ಲಿ ಬಡಿದು ಪುಡಿ ಮಾಡಬಹುದಾದಷ್ಟು ಪೆಡಸಾಗುತ್ತಿತ್ತು. ಆತ ಅಲ್ಲಿಗೇ ನಿಲ್ಲಿಸಲಿಲ್ಲ. 12, 13ರವರೆಗೆ ಏರಿಸಿ, ಕಾಯಿಸಿ, ನೀರಿಗೆ ಹಾಕಿ ನೋಡಿದ. ಎಷ್ಟು ಬಡಿದರೂ ಒಡೆಯದ ಉಕ್ಕು ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ತಲೆಯ ಮೇಲಿದ್ದ ಬ್ರೋಡಿ ಹೆಲ್ಮೆಟ್ ಇದರದ್ದೇ.

ನಮ್ಮಲ್ಲಿ ಇದು ಎಲ್ಲಿ ಕಾಣುತ್ತದೆ? ಜಲ್ಲಿ ಕ್ರಷರಿನ ಜಾ ಪ್ಲೇಟ್, ಕೋನ್ ಕ್ರಷರಿನ ಮ್ಯಾಂಟಲ್ ಮತ್ತು ಕಾನ್‌ಕೇವ್ (ಕಲ್ಲನ್ನು ನಡುವೆ ಸಿಕ್ಕಿಸಿ ಪುಡಿಮಾಡುವ ಒಳ, ಹೊರ ಭಾಗಗಳು), ರೈಲು ಹಳಿಗಳು ಒಂದನ್ನೊಂದು ದಾಟುವ ಕಡೆ ಕೂರಿಸುವ ಸಿ.ಎಂ.ಎಸ್. (ಕಾಸ್ಟ್ ಮ್ಯಾಂಗನೀಸ್ ಸ್ಟೀಲ್) ಕ್ರಾಸಿಂಗ್. ಎಲ್ಲವೂ ಹೆಚ್ಚಾಗಿ ಎರಕ ಹೊಯ್ದ ಭಾಗಗಳು. ಭಾರತೀಯ ಮಾನಕದಲ್ಲಿ ಈ ಎರಕಗಳಿಗೆ ಐ.ಎಸ್. 276 ಇದೆ.

ಒಂದು ಎಚ್ಚರಿಕೆ. 1.5 ಪರ್ಸೆಂಟ್ ಮ್ಯಾಂಗನೀಸ್ ಇರುವ ಇ.ಎನ್. 15 ಥರದ ಉಕ್ಕನ್ನೂ ಅಂಗಡಿಯಲ್ಲಿ "ಮ್ಯಾಂಗನೀಸ್ ಸ್ಟೀಲ್" ಅಂತಲೇ ಕರೆಯುತ್ತಾರೆ. ಅದರ ದಾರಿ ಪೂರ್ತಿ ಬೇರೆ. ಅದನ್ನು ಸುಮಾರು 850 ಡಿಗ್ರಿಯಿಂದ ತಣಿಸಿ, ಮತ್ತೆ 550, 650 ಡಿಗ್ರಿಗೆ ಕಾಯಿಸಿ ಟೆಂಪರ್ ಮಾಡುತ್ತಾರೆ. ಆ ಚಾರ್ಟ್ ಹಿಡಿದುಕೊಂಡು ಹ್ಯಾಡ್‌ಫೀಲ್ಡ್ ಸ್ಟೀಲ್‌ಗೆ ಹದ ಕೊಟ್ಟರೆ ಮಾಲು ಗುಜರಿಗೆ ಹೋಗುತ್ತದೆ. ಹೋದದ್ದನ್ನು ನಾನೇ ನೋಡಿದ್ದೇನೆ.

ಒಳಗೆ ಏನಾಗುತ್ತದೆ?

ಊರಿನ ಕಮ್ಮಾರರು ಮಚ್ಚನ್ನು ಕೆಂಪಗೆ ಕಾಯಿಸಿ ನೀರಲ್ಲಿ ಅದ್ದುತ್ತಾರೆ. ಚುರ್ ಅನ್ನುತ್ತದೆ, ಬಾಯಿ ಗಟ್ಟಿಯಾಗುತ್ತದೆ. ಸಾಮಾನ್ಯ ಉಕ್ಕಿನ ಒಳರಚನೆ ದಿಢೀರನೆ ತಣಿದಾಗ ಮಾರ್ಟೆನ್ಸೈಟ್ ಎಂಬ ತುಂಬಾ ಗಟ್ಟಿಯಾದ, ಪೆಡಸಾದ ರೂಪಕ್ಕೆ ತಿರುಗುವುದರಿಂದ ಹೀಗಾಗುತ್ತದೆ. ನಮ್ಮ ತಲೆಯಲ್ಲಿ "ನೀರಿಗೆ ಹಾಕಿದರೆ ಗಟ್ಟಿ" ಅಂತ ಕೂತಿರುವುದು ಇದರಿಂದಲೇ.

ಹ್ಯಾಡ್‌ಫೀಲ್ಡ್ ಸ್ಟೀಲ್‌ನಲ್ಲಿ ಮ್ಯಾಂಗನೀಸ್ ಈ ತಿರುವನ್ನೇ ತಡೆಯುತ್ತದೆ. ಮಾರ್ಟೆನ್ಸೈಟ್ ಆಗಬೇಕಾದರೆ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ಹೋಗಬೇಕು. ಹಾಗಾಗಿ ಕುಲುಮೆಯ ಬಿಸಿಯಲ್ಲಿದ್ದ ಆಸ್ಟೆನೈಟ್ ಎಂಬ ರೂಪವೇ ತಣ್ಣಗಾದ ಮೇಲೂ ಉಳಿಯುತ್ತದೆ. ಆಸ್ಟೆನೈಟ್ ಮೆತ್ತಗೆ, ಹಿಗ್ಗುವ ಗುಣದ್ದು, ಮ್ಯಾಗ್ನೆಟ್‌ಗೆ ಅಂಟುವುದಿಲ್ಲ.

ಹಾಗಾದರೆ ನೀರಿಗೆ ಹಾಕುವುದು ಯಾಕೆ? ಕಾರ್ಬನ್ ಹೊರಗೆ ಬರದಿರಲಿ ಅಂತ. ಜಾಮೂನಿನ ಪಾಕ ಗಟ್ಟಿಯಾಗಿ ಕಾಯಿಸಿ ಹಾಗೇ ಬಿಟ್ಟರೆ ಮರುದಿನ ಪಾತ್ರೆಯ ಅಂಚಿನಲ್ಲಿ ಸಕ್ಕರೆ ಹರಳು ಕಟ್ಟಿರುತ್ತದೆ ಅಲ್ವಾ? ಇಲ್ಲೂ ಅದೇ. ಬಿಸಿ ಇದ್ದಾಗ ಕಾರ್ಬನ್ ಪೂರ್ತಿ ಕರಗಿರುತ್ತದೆ. ನಿಧಾನಕ್ಕೆ ತಣಿದರೆ ಅದು ಕಬ್ಬಿಣ, ಮ್ಯಾಂಗನೀಸ್ ಜೊತೆ ಸೇರಿ ಕಾರ್ಬೈಡ್ ಆಗಿ ಹೊರಬರುತ್ತದೆ. ಬಂದು ಕೂರುವುದು ಕಣಗಳ ಗಡಿಯಲ್ಲಿ. ಉಕ್ಕು ಅಂದರೆ ಒತ್ತೊತ್ತಾಗಿ ಕೂತ ಸಣ್ಣ ಹರಳುಗಳ ರಾಶಿ. ಆ ಹರಳುಗಳ ನಡುವಿನ ಗೆರೆಯಲ್ಲಿ ಗಾಜಿನಂಥ ಪೆಡಸು ಪದರ ಕೂತರೆ ಏಟು ಬಿದ್ದಾಗ ಅದೇ ದಾರಿಯಲ್ಲಿ ಬಿರುಕು ಓಡುತ್ತದೆ. ಅಚ್ಚಿನಿಂದ ತೆಗೆದ ಎರಕ ಇರುವುದು ಇದೇ ಸ್ಥಿತಿಯಲ್ಲಿ.

ಈಗ ಗುಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಚ್ಚಿನಿಂದ ಬಂದ ದಪ್ಪ ಎರಕವನ್ನು ಎಳೆದರೆ ಕೆಲವೇ ಪರ್ಸೆಂಟ್ ಹಿಗ್ಗಿ ತುಂಡಾಗುತ್ತದೆ. ಸರಿಯಾಗಿ ಹದ ಕೊಟ್ಟ 25 ಮಿ.ಮೀ. ದಪ್ಪದ ತುಂಡು 35, 45 ಪರ್ಸೆಂಟ್ ಹಿಗ್ಗುತ್ತದೆ. ತುಂಡಾಗುವ ಬಲ ಸುಮಾರು 450 ಮೆಗಾಪ್ಯಾಸ್ಕಲ್‌ನಿಂದ 800ರ ಸುತ್ತ ಏರುತ್ತದೆ. ಏಟು ತಡೆಯುವ ಗುಣ, ಅಂದರೆ ಟಫ್‌ನೆಸ್, ಚಾರ್ಪಿ ಪರೀಕ್ಷೆಯಲ್ಲಿ ಒಂದಂಕಿಯ ಜೂಲ್‌ಗಳಿಂದ ನೂರರ ಆಚೆಗೆ ಹಾರುತ್ತದೆ. ಯೀಲ್ಡ್, ಅಂದರೆ ಉಕ್ಕು ಮೊದಲು ಬಾಗಲು ಶುರುಮಾಡುವ ಬಲ, ಎರಡರಲ್ಲೂ 350, 400ರ ಆಸುಪಾಸು. ಅದು ಅಷ್ಟಾಗಿ ಕದಲುವುದಿಲ್ಲ.

ಹಾರ್ಡ್‌ನೆಸ್? ಮೊದಲೂ 200ರ ಮೇಲೆ ಕೆಳಗೆ, ಆಮೇಲೂ 180ರಿಂದ 220. ಇದು ಬ್ರಿನೆಲ್ ಅಳತೆ, ಗಟ್ಟಿ ಗುಂಡೊಂದನ್ನು ಒತ್ತಿ ಬಿದ್ದ ಗುಳಿಯನ್ನು ಅಳೆಯುವುದು. ಅಂದರೆ ಹಪ್ಪಳದಂತೆ ಮುರಿಯುವ ಎರಕಕ್ಕೂ ಎಷ್ಟು ಬಡಿದರೂ ಜಗ್ಗದ ಎರಕಕ್ಕೂ ಮೀಟರ್ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸುತ್ತದೆ. ಹಾರ್ಡ್‌ನೆಸ್ ನೋಡಿ ಈ ಉಕ್ಕನ್ನು ಪಾಸ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಬೇಕಾದದ್ದು

1100 ಡಿಗ್ರಿವರೆಗೆ ನಿಯಂತ್ರಣದಲ್ಲಿ ಹೋಗುವ ಫರ್ನೇಸ್. ಎರಡಾದರೂ ಥರ್ಮೋಕಪಲ್, ಅಂದರೆ ಬಿಸಿ ಅಳೆಯುವ ತಂತಿ. ಒಂದು ಫರ್ನೇಸ್‌ಗೆ, ಇನ್ನೊಂದು ಮಾಲಿಗೆ ತಾಗಿದಂತೆ. ಫರ್ನೇಸ್ ಬಾಗಿಲ ಹತ್ತಿರದಲ್ಲೇ ದೊಡ್ಡ ನೀರಿನ ತೊಟ್ಟಿ, ನೀರು ಕಲಕುವ ಪಂಪ್. ತಡವರಿಸದೆ ನಡೆಯುವ ಕ್ರೇನ್ ಅಥವಾ ಟ್ರಾಲಿ. ಮುಖಕ್ಕೆ ಶೀಲ್ಡ್, ಕೈಗೆ ಗ್ಲೌಸ್. ಒಂದು ಮ್ಯಾಗ್ನೆಟ್. ಮತ್ತು ತಾಳ್ಮೆ. 75 ಮಿ.ಮೀ. ದಪ್ಪದ ಜಾ ಪ್ಲೇಟಿಗೆ ಇಡೀ ಸೈಕಲ್ ಹದಿನಾಲ್ಕು ಗಂಟೆ ಮೀರುತ್ತದೆ.

1. ಕೈಯಲ್ಲಿರುವುದು ಏನು ಅಂತ ತಿಳಿದುಕೊಳ್ಳಿ

ಆ ಹೀಟಿನ ಸ್ಪೆಕ್ಟ್ರೋ ರಿಪೋರ್ಟ್ ನೋಡಿ, ಅಂದರೆ ಲೋಹದಲ್ಲಿ ಯಾವುದು ಎಷ್ಟು ಪರ್ಸೆಂಟ್ ಇದೆ ಅನ್ನುವ ಲ್ಯಾಬ್ ವರದಿ. ಹೀಟ್ ಅಂದರೆ ಒಂದು ಸಲ ಕರಗಿಸಿ ಹೊಯ್ದ ಲೋಹ. ಮ್ಯಾಂಗನೀಸ್ ಕಾರ್ಬನ್‌ನ ಸುಮಾರು ಹತ್ತು ಪಟ್ಟು ಇರಲಿ ಅನ್ನುವುದು ಹಳೆಯ ರೂಢಿ. ಕಾರ್ಬನ್ 1.3 ದಾಟಿದರೆ ಕಾರ್ಬೈಡ್ ಕರಗಿಸುವುದು ಕಷ್ಟವಾಗುತ್ತಾ ಹೋಗುತ್ತದೆ.

ಮುಖ್ಯವಾಗಿ ನೋಡಬೇಕಾದದ್ದು ಫಾಸ್ಫರಸ್. 0.07 ಪರ್ಸೆಂಟ್ ಮೇಲ್ಮಿತಿ, 0.04ರ ಒಳಗಿದ್ದರೆ ನೆಮ್ಮದಿ. ಇದು ಕಣಗಳ ಗಡಿಯಲ್ಲಿ ಬೇಗ ಕರಗುವ ಪದರ ಮಾಡುತ್ತದೆ. ಹದ ಕೊಡುವಾಗ ಬಿಸಿ ಸ್ವಲ್ಪ ಮೀರಿದರೂ ಆ ಪದರ ಒಳಗೊಳಗೇ ಕರಗುತ್ತದೆ. ಆಮೇಲೆ ಯಾವ ಹೀಟ್ ಟ್ರೀಟ್‌ಮೆಂಟೂ ಅದನ್ನು ಸರಿಮಾಡಲಾರದು.

ಕ್ರಷರ್ ಮಾಲಿಗೆ ಈಗ 2 ಪರ್ಸೆಂಟ್ ಕ್ರೋಮಿಯಂ ಸೇರಿಸುವುದು, ಮ್ಯಾಂಗನೀಸ್ ಅನ್ನೇ 18ಕ್ಕೆ ಏರಿಸುವುದು ಸಾಮಾನ್ಯ. ಕ್ರೋಮಿಯಂ ಇದ್ದರೆ ಯೀಲ್ಡ್ ಏರುತ್ತದೆ, ಆದರೆ ಅದರ ಕಾರ್ಬೈಡ್ ಹಟಮಾರಿ. ಕರಗಿಸಲು 30, 40 ಡಿಗ್ರಿ ಜಾಸ್ತಿ ಬೇಕು. ಸಾದಾ ಮಾಲನ್ನೂ ಕ್ರೋಮಿಯಂ ಮಾಲನ್ನೂ ಒಂದೇ ಲೋಡಿನಲ್ಲಿ ಬೆರೆಸಬೇಡಿ.

2. ಮಾಲನ್ನು ಸಿದ್ಧಮಾಡಿ

ಮರಳು ಬಿಡಿಸಿ. ಅಂಟಿದ ಮರಳಿದ್ದ ಕಡೆ ನೀರು ತಾಗುವುದು ತಡವಾಗುತ್ತದೆ. ಸಣ್ಣ ರೈಸರ್‌ಗಳನ್ನು ಈಗಲೇ ಸುತ್ತಿಗೆಯಲ್ಲಿ ಹೊಡೆದು ಉದುರಿಸಿ. ರೈಸರ್ ಅಂದರೆ ಎರಕದ ಮೇಲೆ ಬಿಟ್ಟ ಹೆಚ್ಚುವರಿ ಲೋಹದ ಗಡ್ಡೆ. ಈಗ ಪೆಡಸಾಗಿರುವುದೇ ಇಲ್ಲಿ ಅನುಕೂಲ, ಆಮೇಲೆ ಅದು ಜಪ್ಪಯ್ಯ ಅಂದರೂ ಮುರಿಯುವುದಿಲ್ಲ. ದೊಡ್ಡ ರೈಸರ್‌ಗೆ ತಣ್ಣಗಿರುವಾಗ ಗ್ಯಾಸ್ ಕಟರ್ ಹಿಡಿಯಬೇಡಿ. ಅಚ್ಚಿನಿಂದ ಬಂದ ಸ್ಥಿತಿಯಲ್ಲಿ ಬಿರುಕು ಗ್ಯಾರಂಟಿ ಅನ್ನಬಹುದು. ಹದ ಕೊಟ್ಟ ಮೇಲೆ, ನೀರು ಹಾಯಿಸುತ್ತಾ, ಮಾಲಿನಿಂದ ಸ್ವಲ್ಪ ದೂರ ಬಿಟ್ಟು ಕತ್ತರಿಸಿ. ಉಳಿದದ್ದನ್ನು ಗ್ರೈಂಡರ್‌ಗೆ ಬಿಡಿ.

3. ಲೋಡ್ ಮಾಡುವುದು

1050 ಡಿಗ್ರಿಯಲ್ಲಿ ಉಕ್ಕು ತನ್ನ ಭಾರಕ್ಕೇ ಜೋತುಬೀಳುತ್ತದೆ. ಉದ್ದದ ಮಾಲಿಗೆ ಮೂರು ನಾಲ್ಕು ಕಡೆ ಆಸರೆ ಕೊಡಿ. ಒಂದರ ಮೇಲೊಂದು ಇಡ್ಲಿ ತಟ್ಟೆಯ ಹಾಗೆ ಜೋಡಿಸಿದರೆ ಮಧ್ಯದ್ದಕ್ಕೆ ಬಿಸಿಯೂ ಸಿಗುವುದಿಲ್ಲ, ನೀರೂ ಸಿಗುವುದಿಲ್ಲ. ಎರಡರ ನಡುವೆ ಮುಷ್ಟಿ ಹೋಗುವಷ್ಟು ಜಾಗ ಬಿಡಿ. ಬರ್ನರ್‌ನ ಉರಿ ನೇರ ಮಾಲಿಗೆ ತಾಗಬಾರದು.

4. ನಿಧಾನಕ್ಕೆ ಕಾಯಿಸಿ

ಜನ ಅವಸರ ಮಾಡುವುದು ಇಲ್ಲೇ. ಡೀಸೆಲ್ ಉರಿಯುತ್ತಿದೆ, ಬೇಗ ಏರಿಸೋಣ ಅನ್ನಿಸುತ್ತದೆ.

ಈ ಉಕ್ಕು ತಣ್ಣಗಿರುವಾಗ ಬಿಸಿಯನ್ನು ಒಳಕ್ಕೆ ಬಿಟ್ಟುಕೊಳ್ಳುವುದು ಮೈಲ್ಡ್ ಸ್ಟೀಲ್‌ನ ಕಾಲು ಭಾಗದಷ್ಟೇ. ಆದರೆ ಬಿಸಿಗೆ ಹಿಗ್ಗುವುದು ಅದರ ಒಂದೂವರೆ ಪಟ್ಟು. ಅಂದರೆ ಹೊರಮೈ ಕಾದು ಹಿಗ್ಗುತ್ತಿರುತ್ತದೆ, ಒಳಗೆ ಇನ್ನೂ ತಣ್ಣಗಿರುತ್ತದೆ. ನಡುವೆ ಪೆಡಸು ಕಾರ್ಬೈಡ್ ಪದರ. ಒಳಗಿನಿಂದಲೇ ಸೀಳು ಬಿಡುತ್ತದೆ. ಟಕ್ ಅನ್ನುವ ಸದ್ದು ಕೆಲವೊಮ್ಮೆ ಫರ್ನೇಸ್ ಹೊರಗೂ ಕೇಳಿಸುತ್ತದೆ.

ದಪ್ಪ ಮಾಲಿಗೆ 650 ಡಿಗ್ರಿವರೆಗೆ ಗಂಟೆಗೆ 80 ಡಿಗ್ರಿ ಮೀರಬೇಡಿ. ದಪ್ಪ ತೆಳು ಎರಡೂ ಇರುವ ಆಕಾರವಾದರೆ 50 ಸಾಕು. 650ರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಎಲ್ಲ ಕಡೆ ಬಿಸಿ ಸಮ ಆಗಲಿ. ಆಮೇಲೆ ಗಂಟೆಗೆ 120ರಂತೆ ಏರಿಸಬಹುದು. ಲೆಕ್ಕ ಹಾಕಿ: 30ರಿಂದ 650ಕ್ಕೆ ಎಂಟು ಗಂಟೆ, ಅಲ್ಲಿಂದ 1050ಕ್ಕೆ ಮೂರೂವರೆ ಗಂಟೆ.

5. ಹಿಡಿದಿಡಿ

ಸಾದಾ ಗ್ರೇಡಿಗೆ 1010ರಿಂದ 1090 ಡಿಗ್ರಿ ನಡುವೆ. ನಾನು 1050 ಇಟ್ಟುಕೊಳ್ಳುತ್ತೇನೆ. ಅತಿ ದಪ್ಪ ಜಾಗದ ಪ್ರತಿ 25 ಮಿ.ಮೀ.ಗೆ ಒಂದು ಗಂಟೆ. ನಮ್ಮ 75 ಮಿ.ಮೀ. ಪ್ಲೇಟಿಗೆ ಮೂರು ಗಂಟೆ. ಇದನ್ನು ಸೋಕಿಂಗ್ ಅನ್ನುತ್ತಾರೆ, ಅಕ್ಕಿ ನೆನೆಹಾಕಿದಂತೆ ಬಿಸಿಯಲ್ಲಿ ನೆನೆಯಲು ಬಿಡುವುದು.

ಸಾಮಾನ್ಯ ತಪ್ಪು ಏನೆಂದರೆ, ಫರ್ನೇಸ್ ಮೀಟರ್ 1050 ತೋರಿಸಿದ ಕ್ಷಣದಿಂದ ಗಡಿಯಾರ ನೋಡುವುದು. ಮೀಟರ್ ತೋರಿಸುವುದು ಗಾಳಿಯ ಬಿಸಿ. ಮಾಲು ಅಲ್ಲಿಗೆ ಬರಲು ಇನ್ನೂ ಒಂದು ಗಂಟೆ ಬೇಕಾಗಬಹುದು. ಮಾಲಿಗೆ ತಾಗಿಸಿದ ಥರ್ಮೋಕಪಲ್ ಹೇಳಿದ ಮೇಲೆ ಎಣಿಕೆ ಶುರುಮಾಡಿ.

ಇನ್ನೊಂದು ತಪ್ಪು ಇದರ ಉಲ್ಟಾ. "ಇರಲಿ ಬಿಡಿ, ಇನ್ನೆರಡು ಗಂಟೆ" ಅಂತ ಬಿಡುವುದು. ಬಿಸಿ ಗಾಳಿ ಹೊರಮೈಯ ಕಾರ್ಬನ್ ತಿನ್ನುತ್ತದೆ. ಕಾರ್ಬನ್ ಕಳೆದುಕೊಂಡ ಪದರ ತಣಿಸಿದಾಗ ಮಾರ್ಟೆನ್ಸೈಟ್ ಆಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ, ಮ್ಯಾಗ್ನೆಟ್‌ಗೂ ಅಂಟುತ್ತದೆ. ದಪ್ಪ ಮಾಲಿನಲ್ಲಿ ಅದು ಸವೆದು ಹೋಗುತ್ತದೆ, ತಲೆಕೆಡಿಸಿಕೊಳ್ಳಬೇಡಿ. ತೆಳು ಮಾಲಿನಲ್ಲಿ ಅದೇ ಮುರಿತಕ್ಕೆ ಶುರು. ಬಿಸಿಯನ್ನು 1150ರ ಕಡೆ ಹೋಗಲು ಬಿಟ್ಟರೆ ಮೇಲೆ ಹೇಳಿದ ಫಾಸ್ಫರಸ್ ಕತೆ.

6. ನೀರಿಗೆ

ಇಡೀ ಕೆಲಸ ನಿಂತಿರುವುದು ಈ ಒಂದು ನಿಮಿಷದ ಮೇಲೆ.

ಬಾಗಿಲು ತೆರೆದ ಕ್ಷಣದಿಂದ ಮಾಲು ಪೂರ್ತಿ ಮುಳುಗುವವರೆಗೆ ಒಂದು ನಿಮಿಷ ದಾಟಬಾರದು. ತೆಳು ಮಾಲಾದರೆ ಅರ್ಧ ನಿಮಿಷ. ನೀರಿಗೆ ಬೀಳುವಾಗ ಮಾಲಿನ ಮೈ 950ರ ಮೇಲೇ ಇರಬೇಕು. ಅದಕ್ಕಿಂತ ಇಳಿದರೆ ಕಾರ್ಬೈಡ್ ಹೊರಬರಲು ಶುರುವಾಗಿರುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ರಾತ್ರಿ ಕ್ರೇನ್ ತೊಟ್ಟಿಯ ಮೇಲೆಯೇ ನಿಂತುಬಿಟ್ಟಿತು. ಮೂರು ನಿಮಿಷ ಇರಬಹುದು. ಹಳದಿ ಬಣ್ಣ ಇಳಿದು ಮಾಲು ಕಡು ಕೆಂಪಾಯಿತು. "ಏನಾಗಲ್ಲ, ಇಳಿಸಿ" ಅಂದರು. ಇಳಿಸಿದೆವು, ಪೇಂಟ್ ಹೊಡೆದು ಕಳಿಸಿಯೂ ಬಿಟ್ಟೆವು. ವಾರದೊಳಗೆ ಎರಡು ಪ್ಲೇಟ್ ವಾಪಸ್ ಬಂದವು, ನಾಲ್ಕು ತುಂಡಾಗಿ. ಅವತ್ತು ಮಾಡಬೇಕಾಗಿದ್ದದ್ದು ಇಷ್ಟೇ: ವಾಪಸ್ ಫರ್ನೇಸ್‌ಗೆ ತಳ್ಳಿ, ಮತ್ತೆ 1050ಕ್ಕೆ ಏರಿಸಿ, ಮತ್ತೆ ಹಿಡಿದಿಡುವುದು.

ಆಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಬಾಗಿಲು ತೆರೆಯುವ ಮೊದಲು ಕ್ರೇನನ್ನು ಖಾಲಿಯಾಗಿ ಒಂದು ಸಲ ಹೋಗಿ ಬರಲು ಹೇಳುವುದು. ಎರಡು ನಿಮಿಷದ ಕೆಲಸ.

ಈಗ ನೀರು ಎಷ್ಟು ಬೇಕು? ಇದನ್ನು ಅಂದಾಜಿನಲ್ಲಿ ಬಿಡಬೇಡಿ. ಒಂದು ಟನ್ ಉಕ್ಕು 1050ರಿಂದ 50 ಡಿಗ್ರಿಗೆ ಇಳಿಯಬೇಕು. ಪ್ರತಿ ಕಿಲೋ, ಪ್ರತಿ ಡಿಗ್ರಿಗೆ ಸುಮಾರು 0.6 ಕಿಲೋಜೂಲ್ ಬಿಸಿ ಬಿಡುತ್ತದೆ. ಸಾವಿರ ಕಿಲೋ, ಸಾವಿರ ಡಿಗ್ರಿ: ಒಟ್ಟು 6 ಲಕ್ಷ ಕಿಲೋಜೂಲ್. ನೀರು 30ರಿಂದ 50ಕ್ಕೆ ಮಾತ್ರ ಏರಬೇಕು ಅಂದರೆ ಒಂದು ಲೀಟರ್ ಹೀರುವುದು 84 ಕಿಲೋಜೂಲ್. ಭಾಗಿಸಿದರೆ 7,100 ಲೀಟರ್ ಚಿಲ್ಲರೆ. ಬುಟ್ಟಿ, ಸರಪಳಿಯ ಬಿಸಿಯೂ ಸೇರಿ ಟನ್ನಿಗೆ 8ರಿಂದ 10 ಸಾವಿರ ಲೀಟರ್ ಇಟ್ಟುಕೊಳ್ಳಿ. ಐದು ಸಾವಿರ ಲೀಟರ್ ತೊಟ್ಟಿಗೆ ಒಂದು ಟನ್ ಇಳಿಸಿದರೆ ಕೊನೆಗೆ ನೀರು 60ರ ಹತ್ತಿರ ಹೋಗುತ್ತದೆ.

ಬಿಸಿ ನೀರಿನ ತೊಂದರೆ ಏನು? ಕಾದ ಮಾಲಿನ ಸುತ್ತ ಆವಿಯ ಒಂದು ಹೊದಿಕೆ ಏಳುತ್ತದೆ. ಆವಿ ಬಿಸಿ ದಾಟಿಸುವುದಿಲ್ಲ. ನೀರು ಬಿಸಿಯಾದಷ್ಟೂ ಆ ಹೊದಿಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಣ್ಣೀರು ಮತ್ತು ಜೋರಾದ ಕಲಕು ಅದನ್ನು ಹರಿದು ಹಾಕುತ್ತವೆ. ಅದಕ್ಕೇ ಪಂಪ್. ಅದಕ್ಕೇ ಮಾಲನ್ನು ನೀರಲ್ಲಿ ಮೇಲೆ ಕೆಳಗೆ ಆಡಿಸುತ್ತಿರುವುದು. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿ ಕಡೆ ಬಿಸಿಲಿಗೆ ತೆರೆದ ತೊಟ್ಟಿಯ ನೀರು ಬೆಳಿಗ್ಗೆಯೇ ಬೆಚ್ಚಗಿರುತ್ತದೆ. ಮೇಲೆ ಶೀಟ್ ಹಾಕಿ. ಇಲ್ಲವೇ ಲೋಡನ್ನು ಬೆಳಗಿನ ಜಾವಕ್ಕೆ ಇಳಿಯುವಂತೆ ಸಮಯ ಹೊಂದಿಸಿ.

"ನೀರಿನ ಬದಲು ಎಣ್ಣೆ ಹಾಕಿದರೆ ಬಿರುಕು ಬರಲ್ಲ ಅಲ್ವಾ?" ಅಂತ ಕೇಳುತ್ತಾರೆ. ಸಾಮಾನ್ಯ ಉಕ್ಕಿಗೆ ಅದು ಸರಿ. ಇಲ್ಲಿ ಎಣ್ಣೆ ನಿಧಾನ, ಕಾರ್ಬೈಡ್ ಹೊರಬರುತ್ತದೆ. ಅದೂ ಅಲ್ಲದೆ 1050 ಡಿಗ್ರಿಯ ಒಂದು ಟನ್ ಎಣ್ಣೆಗೆ ಬಿದ್ದರೆ ಬೆಂಕಿ. ಬೇಡ.

ದಪ್ಪಕ್ಕೂ ಒಂದು ಮಿತಿ ಇದೆ. 100, 125 ಮಿ.ಮೀ.ವರೆಗೆ ಒಳಗಿನವರೆಗೂ ಚೆನ್ನಾಗಿ ತಣಿಯುತ್ತದೆ. 150 ದಾಟಿದರೆ ನೀವು ಏನೇ ಮಾಡಿ, ನಟ್ಟನಡುವೆ ಒಂದಿಷ್ಟು ಕಾರ್ಬೈಡ್ ಉಳಿಯುತ್ತದೆ. ಪಾರ್ಟಿಗೆ ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಚ್ಚರಿಕೆ: ಒಳಗೆ ಟೊಳ್ಳಿದ್ದು ಬಾಯಿ ಕಿರಿದಾದ ಮಾಲಿದ್ದರೆ ನೀರು ಸಿಕ್ಕಿಕೊಂಡು ಆವಿಯಾಗಿ ಸಿಡಿಯುತ್ತದೆ. ಆವಿ ಹೊರಹೋಗಲು ದಾರಿ ಇರುವಂತೆ ನೇತುಹಾಕಿ. ತೊಟ್ಟಿಯ ಅಂಚಿನಲ್ಲಿ ಯಾರೂ ನಿಲ್ಲಬಾರದು. ವಿಡಿಯೋ ಮಾಡಬೇಕಿದ್ದರೆ ದೂರದಿಂದ ಝೂಮ್ ಮಾಡಿ.

7. ಟೆಂಪರ್ ಮಾಡಬೇಡಿ

ಈ ಹಂತದಲ್ಲಿ ಮಾಡಬೇಕಾದ್ದು ಏನೂ ಇಲ್ಲ. ಮಾಡದಿರುವುದೇ ಹಂತ. ಇತರ ಉಕ್ಕುಗಳಿಗೆ ತಣಿಸಿದ ಮೇಲೆ ಟೆಂಪರ್ ಮಾಡುತ್ತಾರೆ, ಅಂದರೆ ಸ್ವಲ್ಪ ಕಾಯಿಸಿ ಪೆಡಸುತನ ತೆಗೆಯುತ್ತಾರೆ. ಇದಕ್ಕೆ ಹಾಗೆ ಮಾಡಿದರೆ ಪೆಡಸುತನ ವಾಪಸ್ ಬರುತ್ತದೆ. ಸುಮಾರು 260 ಡಿಗ್ರಿ ದಾಟಿದರೆ ಅಪಾಯ ಶುರು. ಬಿಸಿ ಜಾಸ್ತಿಯಾದಷ್ಟೂ, ಹೊತ್ತು ಜಾಸ್ತಿಯಾದಷ್ಟೂ ಕಾರ್ಬೈಡ್ ಜಾಸ್ತಿ. 500, 600 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ನಿಮ್ಮ ಹದಿನಾಲ್ಕು ಗಂಟೆಯ ಕೆಲಸ ನೀರುಪಾಲು.

ಬಾಗಿದ ಲೈನರ್ (ಯಂತ್ರದ ಒಳಮೈಗೆ ಹಾಕುವ ಸವೆತದ ಪ್ಲೇಟ್) ಅನ್ನು ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ನೆಟ್ಟಗೆ ಮಾಡುವವರು ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಈ ಉಕ್ಕನ್ನು ತಣ್ಣಗಿರುವಾಗಲೇ ಪ್ರೆಸ್‌ನಲ್ಲಿ ಒತ್ತಿ ನೆಟ್ಟಗೆ ಮಾಡಬಹುದು. ಅಷ್ಟು ಹಿಗ್ಗುವ ಗುಣ ಅದಕ್ಕಿದೆ.

8. ಪರೀಕ್ಷೆ

ಒಂದೇ ಪರೀಕ್ಷೆಗೆ ದುಡ್ಡಿದೆ ಅಂದರೆ ಬೆಂಡ್ ಟೆಸ್ಟ್ ಮಾಡಿ. ಮಾಲಿನ ಜೊತೆ ಅದೇ ಹೀಟಿನ ಲೋಹದಿಂದ ಒಂದು ಪಟ್ಟಿ ಹೊಯ್ದುಕೊಳ್ಳಿ. ಅದೇ ಲೋಡಿನಲ್ಲಿ ಹದ ಕೊಡಿ. ಪ್ರೆಸ್‌ನಲ್ಲಿ ಬಾಗಿಸಿ. ಚೆನ್ನಾಗಿದ್ದರೆ ಹೇರ್‌ಪಿನ್‌ನಂತೆ ಮಡಚಿಕೊಳ್ಳುತ್ತದೆ, ಒಡೆಯುವುದಿಲ್ಲ. ಕೆಟ್ಟಿದ್ದರೆ ಬಾಗುವ ಮುನ್ನವೇ ಠಪ್ ಅನ್ನುತ್ತದೆ. ನೆನಪಿಡಿ, ತೆಳು ಪಟ್ಟಿ ದಪ್ಪ ಮಾಲಿಗಿಂತ ಬೇಗ ತಣಿಯುತ್ತದೆ. ಪಟ್ಟಿ ಪಾಸಾದರೆ ಲೋಹ ಮತ್ತು ಬಿಸಿ ಸರಿ ಇತ್ತು ಅಂತ ಅರ್ಥ, ಮಾಲಿನ ಒಳಗು ಸರಿ ಇದೆ ಅಂತ ಅಲ್ಲ.

ಮ್ಯಾಗ್ನೆಟ್ ಸುಲಭದ ಉಪಾಯ. ಮೇಲ್ಮೈಗೆ ಲೈಟಾಗಿ ಅಂಟಿದರೆ ಗಾಬರಿ ಬೇಡ, ಅದು ಕಾರ್ಬನ್ ಕಳೆದುಕೊಂಡ ಸಿಪ್ಪೆ. ಒಂದೆರಡು ಮಿ.ಮೀ. ಉಜ್ಜಿ ಮತ್ತೆ ಹಿಡಿಯಿರಿ. ಈಗಲೂ ಬಲವಾಗಿ ಎಳೆದರೆ ಮಾಲಿನಲ್ಲಿ ತೊಂದರೆ ಇದೆ. ಆದರೆ ಅಂಟದಿದ್ದ ಮಾತ್ರಕ್ಕೆ ಹದ ಸರಿಯಾಗಿದೆ ಅಂತಲ್ಲ. ಗಡಿಯಲ್ಲಿ ಕೂತ ಕಾರ್ಬೈಡನ್ನು ಮ್ಯಾಗ್ನೆಟ್ ತೋರಿಸುವುದಿಲ್ಲ. ಅದಕ್ಕೆ ಮೈಕ್ರೋಸ್ಕೋಪೇ ಬೇಕು. ತುಂಡನ್ನು ಪಾಲಿಶ್ ಮಾಡಿ, ನೈಟಾಲ್ (ನೈಟ್ರಿಕ್ ಆಸಿಡ್ ಬೆರೆಸಿದ ಆಲ್ಕೋಹಾಲ್) ಹಚ್ಚಿ ನೋಡಿದರೆ ಗಡಿಗೆರೆಗಳು ತೆಳ್ಳಗೆ, ಶುಭ್ರವಾಗಿ ಕಾಣಬೇಕು. ದಪ್ಪ ಜಾಲದಂತೆ ಕಂಡರೆ ಫೇಲ್.

9. ಗಟ್ಟಿ ಮಾಡುವುದು ಕಲ್ಲಿನ ಕೆಲಸ

ಆ 200 ಹಾರ್ಡ್‌ನೆಸ್ ಗ್ರಾನೈಟನ್ನು ಹೇಗೆ ತಡೆಯುತ್ತದೆ? ಕಲ್ಲು ಬಡಿದಂತೆ ಮೇಲ್ಪದರದ ಒಳರಚನೆ ಮಡಚಿ, ಸಿಕ್ಕುಸಿಕ್ಕಾಗಿ, ಮುಂದೆ ಜರುಗಲಾಗದೆ ಗಟ್ಟಿಯಾಗುತ್ತದೆ. ಇದೇ ವರ್ಕ್ ಹಾರ್ಡನಿಂಗ್. ಜೋರು ಏಟು ಬೀಳುವ ಕಡೆ ಮೇಲ್ಮೈ 500 ಬ್ರಿನೆಲ್‌ವರೆಗೆ ಹೋಗುತ್ತದೆ. ಒಳಗೆ ಮೆತ್ತಗೇ ಇರುತ್ತದೆ. ಮೇಲ್ಪದರ ಸವೆದರೆ ಕೆಳಗಿನದು ಗಟ್ಟಿಯಾಗುತ್ತದೆ.

ಏಟು ಬೀಳದಿದ್ದರೆ ಇದಾಗುವುದಿಲ್ಲ. ಮರಳು ಜಾರುವ ಚ್ಯೂಟ್, ನೇಗಿಲ ಕುಳ, ಸಣ್ಣ ಧೂಳು ಉಜ್ಜುವ ಜಾಗ, ಇಲ್ಲೆಲ್ಲ ದುಬಾರಿ ಮ್ಯಾಂಗನೀಸ್ ಪ್ಲೇಟ್ ಮೈಲ್ಡ್ ಸ್ಟೀಲ್‌ಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಬಾಳುವುದಿಲ್ಲ. ಅಲ್ಲಿ ಬೇರೆ ಉಕ್ಕು ನೋಡಿ. ರೈಲ್ವೆ ಕ್ರಾಸಿಂಗ್‌ಗಳಿಗೆ ಕೆಲವು ದೇಶಗಳಲ್ಲಿ ಹಳಿಗೆ ಹಾಕುವ ಮೊದಲೇ ಸ್ಫೋಟಕ ಹಾಳೆ ಅಂಟಿಸಿ ಸಿಡಿಸಿ ಮೇಲ್ಮೈ ಗಟ್ಟಿ ಮಾಡುತ್ತಾರೆ. ಬಾಂಬ್ ಇಟ್ಟರೂ ಒಡೆಯದೆ ಇನ್ನಷ್ಟು ಗಟ್ಟಿಯಾಗುವ ವಸ್ತು, ಹೇಗಿದೆ!

ಕ್ರಷರ್‌ನವರಿಗೆ ಒಂದು ಮಾತು. ಹೊಸ ಪ್ಲೇಟ್ ಏಟಿಗೆ ಹರಡಿಕೊಂಡು ಅಂಚಿನಲ್ಲಿ ಉಬ್ಬುತ್ತದೆ. ಆ ಉಬ್ಬನ್ನು ಆಗಾಗ ಗ್ರೈಂಡ್ ಮಾಡಿ. ಬಿಟ್ಟರೆ ಪಕ್ಕದ ಪ್ಲೇಟನ್ನು ಒತ್ತಿ ಬೋಲ್ಟ್ ಮುರಿಯುತ್ತದೆ. ಪ್ಲೇಟಿನ ಬೆನ್ನು ಸಮನಾಗಿ ಕೂತಿರಬೇಕು. ಅಡಿಯಲ್ಲಿ ಸಂದಿ ಇದ್ದರೆ ಎಷ್ಟೇ ಒಳ್ಳೆಯ ಹದವಿದ್ದರೂ ಬಾಗಿ ಬಾಗಿ ಮುರಿಯುತ್ತದೆ. ಅದನ್ನು ಫೌಂಡ್ರಿಯ ತಲೆಗೆ ಕಟ್ಟಬೇಡಿ.

ಡ್ರಿಲ್ ಮಾಡುವವರಿಗೂ ಇದೇ ತೊಂದರೆ. ಬಿಟ್ ಸುಮ್ನೆ ಉಜ್ಜುತ್ತಾ ನಿಂತರೆ ತೂತಿನ ತಳ ಗಟ್ಟಿಯಾಗಿ, ಆಮೇಲೆ ಒಳಗೇ ಹೋಗುವುದಿಲ್ಲ. ಕಾರ್ಬೈಡ್ ತುದಿಯ ಬಿಟ್, ಕಡಿಮೆ ವೇಗ, ಬಿಡದ ಒತ್ತಡ. ಬೋಲ್ಟ್ ತೂತುಗಳನ್ನು ಎರಕದಲ್ಲೇ ಬಿಡುವುದು ಜಾಣತನ.

10. ವೆಲ್ಡಿಂಗ್

ಪ್ರೀಹೀಟ್, ಅಂದರೆ ವೆಲ್ಡ್ ಮಾಡುವ ಮೊದಲು ಮಾಲನ್ನು ಕಾಯಿಸುವುದು, ಬೇಡ. ವೆಲ್ಡಿಂಗ್ ಕಲಿತವರಿಗೆ ಇದು ಕೈ ಕಟ್ಟಿದಂತೆ ಅನ್ನಿಸುತ್ತದೆ, ಆದರೆ 260 ಡಿಗ್ರಿ ಇಲ್ಲೂ ಗಡಿ. ಸಣ್ಣ ಸಣ್ಣ ಬೀಡ್ (ವೆಲ್ಡಿಂಗ್ ಗೆರೆ) ಹಾಕಿ, ಜಾಗ ಬದಲಿಸುತ್ತಾ ಹೋಗಿ. ಬೀಡಿನಿಂದ ಒಂದು ಗೇಣು ದೂರದಲ್ಲಿ ಕೈಯಿಟ್ಟು ತಡೆದುಕೊಳ್ಳಲು ಆಗಬೇಕು, ಆಗದಿದ್ದರೆ ನಿಲ್ಲಿಸಿ. ಪ್ರತಿ ಬೀಡನ್ನೂ ಬಿಸಿಯಿರುವಾಗಲೇ ಸುತ್ತಿಗೆಯಲ್ಲಿ ಲಘುವಾಗಿ ಬಡಿಯಿರಿ, ಒಳಗಿನ ಎಳೆತ ಸಡಿಲವಾಗುತ್ತದೆ. ಹಳೆಯ ಪ್ಲೇಟಾದರೆ ಗಟ್ಟಿಯಾದ ಮೇಲ್ಪದರ ಮೊದಲು ಉಜ್ಜಿ ತೆಗೆಯಿರಿ.

ರಾಡ್ 14 ಪರ್ಸೆಂಟ್ ಮ್ಯಾಂಗನೀಸ್‌ನದ್ದೋ, 307 ಅಥವಾ 309 ಸ್ಟೇನ್‌ಲೆಸ್‌ನದ್ದೋ ಇರಲಿ. ಮೈಲ್ಡ್ ಸ್ಟೀಲ್ ರಾಡ್ ಹಾಕಿದರೆ ಎರಡೂ ಬೆರೆತ ಜಾಗ ಪೆಡಸಾಗಿ ಸಿಪ್ಪೆಯಂತೆ ಎದ್ದುಬರುತ್ತದೆ. ಮ್ಯಾಂಗನೀಸ್ ಹೊಗೆ ನರಗಳಿಗೆ ಕೆಟ್ಟದ್ದು. ಗಾಳಿಯಾಡುವ ಜಾಗದಲ್ಲೇ ಮಾಡಿ, ಮಾಸ್ಕ್ ಹಾಕಿ.

ಹದ ಕೆಟ್ಟ ಮಾಲನ್ನು ಮತ್ತೆ ಹದ ಮಾಡಬಹುದಾ?

ಮಾಡಬಹುದು. ಕಾರಣ ತಡವಾದ ಕ್ವೆಂಚೋ (ನೀರಿಗೆ ಹಾಕಿ ತಣಿಸುವುದು), ಕಡಿಮೆ ಸೋಕಿಂಗೋ, ಯಾರೋ ಟಾರ್ಚ್ ಹಿಡಿದದ್ದೋ ಆಗಿದ್ದು, ಬಿರುಕು ಇನ್ನೂ ಬಿಟ್ಟಿಲ್ಲದಿದ್ದರೆ 4ನೇ ಹಂತದಿಂದ ಮತ್ತೆ ಶುರುಮಾಡಿ. ಕಾರ್ಬೈಡ್ ಮತ್ತೆ ಕರಗುತ್ತದೆ. ಮಾಲು ಈಗ ಪೆಡಸಾಗಿರುವುದರಿಂದ ನಿಧಾನಕ್ಕೆ ಕಾಯಿಸುವ ನಿಯಮ ಇನ್ನೂ ಬಿಗಿ. ಪ್ರತಿ ಸಲವೂ ಹೊರಮೈ ಒಂದಿಷ್ಟು ಕಾರ್ಬನ್ ಕಳೆದುಕೊಳ್ಳುತ್ತದೆ, ಹಾಗಾಗಿ ನಾನು ಒಂದು ಸಲಕ್ಕಿಂತ ಹೆಚ್ಚು ಮಾಡಲು ಹೋಗುವುದಿಲ್ಲ. ಬಿರುಕು ಬಿಟ್ಟದ್ದು, ಗಡಿಗಳು ಕರಗಿದ್ದು ನೇರ ಮೆಲ್ಟಿಂಗ್‌ಗೆ. ಹಾಗೆ ಹಾಕುವಾಗ ಆ ಹೀಟಿನ ಫಾಸ್ಫರಸ್ ಎಷ್ಟಿತ್ತು ಅಂತ ತುಂಡಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದಿಡಿ, ಅದು ಮುಂದಿನ ಹೀಟಿಗೂ ಬರುತ್ತದೆ.